ಡಿಗ್ರಿ ಕಾಲೇಜಿನಲ್ಲಿ ಅಥ್ಲೆಟಿಕ್ಸ್ ಕೋಚ್ ಆಗಬೇಕೆಂದರೆ: ತುಮಕೂರಿನ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಗುಂಪಿನಲ್ಲಿ ಉತ್ತರಿಸುವವರು ತುಮಕೂರಿನ ಒಂದು ಡಿಗ್ರಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ಮಧುಗಿರಿ ಕಡೆಯವರು. ಒಂದು ಕಾಲಕ್ಕೆ ಟ್ರಿಪಲ್ ಜಂಪ್ ಮಾಡುತ್ತಿದ್ದರು. 14 ವರ್ಷದಿಂದ ಮಕ್ಕಳನ್ನು ಓಡಿಸುತ್ತಿದ್ದಾರೆ. ಹೆಸರು, ಕಾಲೇಜು ಬೇಡ ಎಂದಿದ್ದಾರೆ. 'ಹಾಯ್ ಮೇಡಂ' ಅಂತ ಹಾಕಿ ಸುಮ್ಮನಾಗಬೇಡಿ. ನೇರವಾಗಿ ಪ್ರಶ್ನೆ ಕೇಳಿ.

ಪ್ರಶ್ನೆ (ಶಿರಾ, ಬಿಎ ಕೊನೆಯ ವರ್ಷ): ನಮಸ್ತೆ ಮೇಡಂ. ನಾನು 400 ಮೀಟರ್ ಓಡುತ್ತೇನೆ. ಇಂಟರ್ ಕಾಲೇಜ್ ಮೀಟ್‌ನಲ್ಲಿ ಎರಡನೇ ಸ್ಥಾನ ಬಂದಿದೆ. ಮುಂದೆ ಕಾಲೇಜಿನಲ್ಲಿ ಅಥ್ಲೆಟಿಕ್ಸ್ ಕೋಚ್ ಆಗಬೇಕು ಅಂತ ಆಸೆ. ನಮ್ಮ ಪಿಟಿ ಮೇಷ್ಟ್ರು ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಮಾಡು ಅಂತಾರೆ. ಗ್ರೌಂಡಿಗೆ ಬರುವ ಒಬ್ಬ ಅಣ್ಣ ಪಂಜಾಬಿನ ಪಟಿಯಾಲಕ್ಕೆ ಹೋಗಿ ಕೋಚಿಂಗ್ ಡಿಪ್ಲೊಮಾ ಮಾಡು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ ಕಣಪ್ಪ. ಒಬ್ಬೊಬ್ಬರು ಒಂದೊಂದು ಬಾಗಿಲು ತೋರಿಸಿದ್ದಾರೆ, ಅಷ್ಟೆ.

ಮೊದಲು ಒಂದು ವಿಷಯ ತಿಳಿದುಕೋ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ 'ಅಥ್ಲೆಟಿಕ್ಸ್ ಕೋಚ್' ಅನ್ನುವ ಹುದ್ದೆ ಇರುವುದಿಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಎಲ್ಲರೂ ಪಿಡಿ ಅಂತ ಕರೆಯುತ್ತಾರೆ. ಆ ಒಬ್ಬ ಪಿಡಿಯೇ ಕಬಡ್ಡಿ, ವಾಲಿಬಾಲ್, ಚೆಸ್ ಎಲ್ಲಾ ನೋಡಬೇಕು. ಆಗಸ್ಟ್ 15ರ ಧ್ವಜ ಕಟ್ಟುವುದೂ ಅವರೇ. ಅದರ ನಡುವೆ ಬೆಳಗ್ಗೆ ಎದ್ದು ಅಥ್ಲೆಟಿಕ್ಸ್ ತರಬೇತಿ ಕೊಡುವುದು ಅವರವರ ಹುಚ್ಚು. ನನಗೆ ಆ ಹುಚ್ಚಿದೆ. ಎಲ್ಲರಿಗೂ ಇರಬೇಕಾಗಿಲ್ಲ.

ಈ ಬಾಗಿಲಿಗೆ ಬೇಕಾದ್ದು ಓದು. ಡಿಗ್ರಿ ಆದ ಮೇಲೆ ಬಿಪಿಎಡ್ ಎರಡು ವರ್ಷ, ಅದರ ಮೇಲಿನ ಎಂಪಿಎಡ್ (ಸ್ನಾತಕೋತ್ತರ ಪದವಿ) ಎರಡು ವರ್ಷ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲೇ ದೈಹಿಕ ಶಿಕ್ಷಣ ಕಾಲೇಜಿದೆ, ನಿನಗೆ ಹತ್ತಿರ. ಎಂಪಿಎಡ್‌ನಲ್ಲಿ 55 ಪರ್ಸೆಂಟ್ ಬೇಕು. ಆಮೇಲೆ ದೈಹಿಕ ಶಿಕ್ಷಣ ವಿಷಯದಲ್ಲಿ ನೆಟ್ ಅಥವಾ ಕೆಸೆಟ್ (ಕಾಲೇಜಿನಲ್ಲಿ ಕಲಿಸಲು ಬೇಕಾದ ಅರ್ಹತಾ ಪರೀಕ್ಷೆ; ನೆಟ್ ರಾಷ್ಟ್ರದ್ದು, ಕೆಸೆಟ್ ರಾಜ್ಯದ್ದು) ಪಾಸಾಗಬೇಕು. ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ. ಅದರಲ್ಲಿ ಮೊದಲ ಪೇಪರ್ ಎಲ್ಲಾ ವಿಷಯದವರಿಗೂ ಒಂದೇ. ನಮ್ಮ ಕ್ರೀಡಾಪಟುಗಳು ಮುಗ್ಗರಿಸುವುದು ಅಲ್ಲೇ. ನಾನೂ ಒಮ್ಮೆ ಬಿದ್ದು, ಎರಡನೇ ಸಲ ಪಾಸಾದವಳು.

ಇದರ ಜೊತೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ದೈಹಿಕ ಪರೀಕ್ಷೆಯೂ ಇದೆ. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ವಯಸ್ಸು ಹೆಚ್ಚಾದಂತೆ ದೂರ ಕಡಿಮೆ. ಕಷ್ಟದ್ದೇನಲ್ಲ, ನಿಧಾನಕ್ಕೆ ಓಡಿದರೂ ಆಗುತ್ತದೆ. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಬರುವ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅದಕ್ಕೆ ಹೋಲಿಸಿದರೆ ನಮ್ಮದು ಸಂಜೆ ವಾಕಿಂಗ್. ಆದರೂ ಓದಿ ಓದಿ ಹೊಟ್ಟೆ ಬಂದು, ಇದರಲ್ಲಿ ಉಸಿರು ಕಟ್ಟಿದವರನ್ನು ನೋಡಿದ್ದೇನೆ.

ಎರಡನೇ ಬಾಗಿಲು ಪಟಿಯಾಲದ್ದು. ಅಲ್ಲಿನ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಶುರುವಾದದ್ದು. ನಾವೆಲ್ಲಾ 'ಎನ್ಐಎಸ್' ಅಂತೀವಿ. ಒಂದೇ ಆಟವನ್ನು ಹಿಡಿದು ಒಂದು ವರ್ಷ ಡಿಪ್ಲೊಮಾ ಮಾಡಿಸುತ್ತಾರೆ. ಅದರ ದಕ್ಷಿಣ ಕೇಂದ್ರ ಜ್ಞಾನಭಾರತಿಯಲ್ಲಿದೆ. ಆ ವರ್ಷ ಅಥ್ಲೆಟಿಕ್ಸ್ ಯಾವ ಕೇಂದ್ರದಲ್ಲಿದೆ ಎಂದು ಪ್ರಕಟಣೆ ನೋಡಿ ಅರ್ಜಿ ಹಾಕು. ಕ್ರೀಡಾ ಪ್ರಾಧಿಕಾರ, ಕ್ರೀಡಾ ಇಲಾಖೆಯ ಹಾಸ್ಟೆಲ್, ಖಾಸಗಿ ಅಕಾಡೆಮಿ, ದೊಡ್ಡ ಖಾಸಗಿ ವಿಶ್ವವಿದ್ಯಾಲಯ ಇಂಥ ಕಡೆ 'ಕೋಚ್' ಅಂತ ಕರೆದು ಕೆಲಸ ಕೊಡುವಾಗ ಮೊದಲು ಕೇಳುವುದು ಈ ಡಿಪ್ಲೊಮಾವನ್ನೇ.

ನನ್ನ ಲೆಕ್ಕದಲ್ಲಿ ಹೊಟ್ಟೆಪಾಡಿಗೆ ಮೊದಲ ಬಾಗಿಲು, ಕಸುಬಿಗೆ ಎರಡನೆಯದು. ಬರೀ ಎಂಪಿಎಡ್ ಮಾಡಿದವರಿಗೆ ಹತ್ತು ಆಟದ ನಿಯಮ ಗೊತ್ತಿರುತ್ತದೆ. 400 ಮೀಟರ್ ಓಡುವ ಹುಡುಗನಿಗೆ ಮಂಗಳವಾರ ಏನು ಓಡಿಸಬೇಕು ಅಂದರೆ ತಡವರಿಸುತ್ತಾರೆ. ನಾನೂ ಹಾಗೇ ಇದ್ದೆ. ಕೆಲಸಕ್ಕೆ ಸೇರಿದ ಮೇಲೆ ಒಂದು ಬೇಸಿಗೆ ರಜೆಯಲ್ಲಿ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿದೆ. ಆಗ ಕಣ್ಣು ಬಿಟ್ಟೆ.

ಪ್ರಶ್ನೆ (ಗುಬ್ಬಿ): ಮೇಡಂ, ನಾನು ಜಿಲ್ಲಾ ಮಟ್ಟ ದಾಟಿಲ್ಲ. ದೊಡ್ಡ ಅಥ್ಲೀಟ್ ಆಗದೇ ಕೋಚ್ ಆಗಲು ಸಾಧ್ಯವಾ? ಮಕ್ಕಳು ನಗುವುದಿಲ್ವಾ?

ಉತ್ತರ: ಮಕ್ಕಳು ಮೊದಲ ವಾರ ಕೇಳುತ್ತಾರೆ, 'ಮಿಸ್, ನಿಮ್ಮ ಬೆಸ್ಟ್ ಎಷ್ಟು?' ಅಂತ. ಎರಡನೇ ವಾರ ಮರೆಯುತ್ತಾರೆ. ತಮ್ಮ ಟೈಮಿಂಗ್ ಇಳಿಯುತ್ತಿದೆಯಾ ಇಲ್ವಾ ಅನ್ನುವುದೊಂದೇ ಅವರಿಗೆ ಮುಖ್ಯ.

ಪಿ.ಟಿ. ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ನೋಡಿ. ವಾಯುಸೇನೆಯಲ್ಲಿದ್ದವರು. ಪಟಿಯಾಲದಲ್ಲಿ ಕೋಚಿಂಗ್ ಕಲಿತು ಕೇರಳಕ್ಕೆ ಬಂದು ಕಣ್ಣೂರಿನ ಕ್ರೀಡಾ ಶಾಲೆಯಲ್ಲಿ ಕೆಲಸ ಮಾಡಿದರು. ಓಟಗಾರರಾಗಿ ಅವರ ಹೆಸರು ಯಾರಿಗೆ ನೆನಪಿದೆ? ಅವರು ಮಾಡಿದ ದೊಡ್ಡ ಕೆಲಸ ಅಂದರೆ 100, 200 ಓಡುತ್ತಿದ್ದ ಹುಡುಗಿಯನ್ನು 400 ಮೀಟರ್ ಹರ್ಡಲ್ಸ್‌ಗೆ ತಿರುಗಿಸಿದ್ದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾ 55.42 ಸೆಕೆಂಡಿನಲ್ಲಿ ಓಡಿದರು. ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತು. ಮರುವರ್ಷ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲೇ ನಂಬಿಯಾರ್ ಇದ್ದರು. ನಮ್ಮ ಕರ್ನಾಟಕದ ಅಥ್ಲೆಟಿಕ್ಸ್ ಕೋಚ್ ಎನ್. ಲಿಂಗಪ್ಪ ಅವರಿಗೆ ಆ ಪ್ರಶಸ್ತಿ ಬಂದದ್ದು 2014ರಲ್ಲಿ. ಅಷ್ಟೊತ್ತಿಗೆ ಅವರು ಎಷ್ಟೋ ದಶಕ ಮೈದಾನದಲ್ಲಿ ನಿಂತಾಗಿತ್ತು.

ಒಂದು ಎಚ್ಚರಿಕೆ ಮಾತ್ರ. ಪಿಡಿ ಹುದ್ದೆಗೆ ನೀವು ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ, ರಾಜ್ಯ ಅಥವಾ ರಾಷ್ಟ್ರ ಮಟ್ಟದಲ್ಲಿ ಆಡಿದ ದಾಖಲೆ ಕೇಳುತ್ತಾರೆ. ಗೆದ್ದಿರಲೇಬೇಕು ಅಂತಿಲ್ಲ, ಪ್ರತಿನಿಧಿಸಿರಬೇಕು. ಹಾಗಾಗಿ ಡಿಗ್ರಿಯಲ್ಲಿ ಇರುವಾಗಲೇ ಇಂಟರ್ ಕಾಲೇಜ್ ಮೀಟ್ ಬಿಡಬೇಡಿ. ಸರ್ಟಿಫಿಕೇಟ್ ಜೋಪಾನ ಮಾಡಿ. ಆದರೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಸೀಲು-ಸಹಿ ನೋಡುವಾಗ ತಕರಾರು ಬರುತ್ತದೆ. ಪ್ಲಾಸ್ಟಿಕ್ ಫೈಲ್ ಸಾಕು.

ಪ್ರಶ್ನೆ (ಕೊರಟಗೆರೆ, ತಂದೆ): ನಮಸ್ಕಾರ ಮೇಡಂ. ನನ್ನ ಮಗಳು ಬಿಪಿಎಡ್ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾವು ಹೊಲ ಮಾಡಿಕೊಂಡಿರುವವರು. ಸಂಬಳ ಬರುತ್ತಾ ಇದರಲ್ಲಿ? ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ಯಜಮಾನ್ರೇ, ಹೇಳುತ್ತೇನೆ.

ಕಾಯಂ ಆದರೆ ಒಳ್ಳೆಯ ಸಂಬಳ. ಯುಜಿಸಿ ಏಳನೇ ವೇತನದ ಪ್ರಕಾರ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಅಸಿಸ್ಟೆಂಟ್ ಪ್ರೊಫೆಸರ್‌ಗೂ ಶುರುವಿನ ಮೂಲ ವೇತನ ಒಂದೇ, 57,700 ರೂಪಾಯಿ. ಅದರ ಮೇಲೆ ಭತ್ಯೆಗಳು.

ಕಷ್ಟ ಇರುವುದು ಕಾಯಂ ಆಗುವ ತನಕ. ಒಂದು ಕಾಲೇಜಿಗೆ ಇರುವುದು ಒಂದೇ ಪಿಡಿ ಹುದ್ದೆ. ಕನ್ನಡ, ಕಾಮರ್ಸ್ ಥರ ನಾಲ್ಕು ಐದು ಇರುವುದಿಲ್ಲ. ಹೊಸ ನೇಮಕಾತಿ ವರ್ಷಾವರ್ಷ ಆಗುವುದಿಲ್ಲ. ನಾನು ಆರು ವರ್ಷ ಅತಿಥಿಯಾಗಿ ದುಡಿದೆ. ಒಂದು ಕಡೆ ಸಂಬಳ ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. ಇನ್ನೊಂದು ಖಾಸಗಿ ಕಾಲೇಜಿನಲ್ಲಿ ಮೇ ತಿಂಗಳಾದರೆ ಸಾಕು, ಊರೂರು ಸುತ್ತಿ ಅಡ್ಮಿಷನ್ ಕ್ಯಾನ್ವಾಸ್ ಮಾಡಬೇಕಿತ್ತು. ಇಷ್ಟು ಸೀಟು ತಂದರೆ ಇಷ್ಟು ಅಂತ. ಗ್ರೌಂಡ್ ಇರಲಿ, ಸ್ಟಾಪ್‌ವಾಚ್ ಕೂಡ ಕೊಡಲಿಲ್ಲ.

ಆ ದಿನಗಳಲ್ಲಿ ನನ್ನ ಮನೆ ನಡೆಸಿದ್ದು ಪೊಲೀಸ್ ಬ್ಯಾಚ್. ಬೆಳಗ್ಗೆ ಐದಕ್ಕೆ ಜೂನಿಯರ್ ಕಾಲೇಜು ಮೈದಾನದಲ್ಲಿ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರನ್ನು ಓಡಿಸುತ್ತಿದ್ದೆ. ತಿಂಗಳಿಗೆ ಇಷ್ಟು ಅಂತ ಕೊಡುತ್ತಿದ್ದರು. ಕೆಲವರು ರಾಗಿ, ಕಡಲೆಕಾಯಿ ತಂದುಕೊಟ್ಟದ್ದೂ ಉಂಟು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಇಂಥ ಬ್ಯಾಚಿನಲ್ಲೇ ಜನರನ್ನು ಓಡಿಸುವುದು ಕಲಿತೆ.

ಮಗಳಿಗೆ ಬಿಪಿಎಡ್ ಆದ ಕೂಡಲೇ ದಾರಿ ಬೇಕೆಂದರೆ ಶಾಲೆಗಳಿವೆ. ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕಿ ಹುದ್ದೆ ಇದೆ. ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳು ನಮ್ಮ ಕಡೆಯ ಕಾಲೇಜುಗಳಿಗಿಂತ ಚೆನ್ನಾಗಿ ಕೊಡುತ್ತವೆ. ಹಟ ಹಿಡಿದಿದ್ದಾಳೆ ಅಂದಿರಲ್ಲ, ಈ ಕೆಲಸಕ್ಕೆ ಅದು ಬೇಕು. ಸೇರಿಸಿ. ಆದರೆ ಐದಾರು ವರ್ಷ ಕೈ ಬಿಗಿ ಇರುತ್ತದೆ ಅನ್ನುವುದು ಮನೆಯವರಿಗೆಲ್ಲ ಗೊತ್ತಿರಲಿ.

ಪ್ರಶ್ನೆ (ತಿಪಟೂರು): ಒಂದು ದಿನ ಹೇಗಿರುತ್ತದೆ ಮೇಡಂ? ನಿಜವಾಗಿ ಏನು ಕೆಲಸ?

ಉತ್ತರ: ಇದನ್ನು ಯಾರೂ ಕೇಳುವುದಿಲ್ಲ. ಕೇಳಿದ್ದು ಒಳ್ಳೆಯದಾಯಿತು.

ಬೆಳಗ್ಗೆ 5:45ಕ್ಕೆ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಇರುತ್ತೇನೆ. ಸಿಂಥೆಟಿಕ್ ಟ್ರ್ಯಾಕ್ ಬಂದ ಮೇಲೆ ನಮ್ಮ ಮಕ್ಕಳಿಗೆ ದೊಡ್ಡ ಅನುಕೂಲ ಆಗಿದೆ. ಮೊದಲೆಲ್ಲಾ ಮಣ್ಣಿನಲ್ಲಿ ಓಡಿ, ದೊಡ್ಡ ಮೀಟ್ ದಿನ ಬೆಂಗಳೂರಿನ ಕಂಠೀರವದಲ್ಲಿ ಮೊದಲ ಸಲ ಸಿಂಥೆಟಿಕ್ ಮುಟ್ಟುತ್ತಿದ್ದರು. ಉದ್ದ ಮೊಳೆಯ ಸ್ಪೈಕ್ಸ್ ಹಾಕಿಕೊಂಡು ಬಂದು, 9 ಮಿಲಿಮೀಟರ್‌ಗಿಂತ ಉದ್ದ ಇರಬಾರದು ಅಂತ ಅಧಿಕಾರಿ ತಡೆದಾಗ ಅಳುತ್ತಾ ನಿಂತ ಹುಡುಗನೂ ಇದ್ದ. ಈಗ ನಮ್ಮ ಜಗಳ ಬೇರೆ. ಒಳಗಿನ ಲೇನ್‌ನಲ್ಲಿ ಸಾಲಾಗಿ ಮಾತಾಡುತ್ತಾ ವಾಕಿಂಗ್ ಮಾಡುವ ಹಿರಿಯರಿಗೆ 'ಅಪ್ಪಾಜಿ, ಸ್ವಲ್ಪ ಹೊರಗಿನ ಲೇನ್‌ಗೆ ಹೋಗಿ' ಅನ್ನುವುದರಲ್ಲೇ ಅರ್ಧ ಗಂಟೆ.

ಎಂಟಕ್ಕೆ ಮುಗಿಸಿ ಮನೆ, ಹತ್ತಕ್ಕೆ ಕಾಲೇಜು. ಹಗಲು ಪೂರ್ತಿ ಕಾಗದ. ಯೂನಿವರ್ಸಿಟಿಗೆ ಎಲಿಜಿಬಿಲಿಟಿ ಫಾರ್ಮ್ ಕಳಿಸಬೇಕು. ಅಂತರ ವಿಶ್ವವಿದ್ಯಾಲಯಕ್ಕೆ ವಯಸ್ಸಿನ ಮಿತಿ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಬೇಕು. ಟಿಎ-ಡಿಎ ಬಿಲ್ಲು, ಸುಣ್ಣದ ಪುಡಿಗೆ ಮೂರು ಕೊಟೇಶನ್. ಮೀಟ್‌ಗೆ ಹೋದ ಹುಡುಗಿಗೆ ಅಟೆಂಡೆನ್ಸ್ ಕೊಡಿ ಅಂತ ಒಬ್ಬೊಬ್ಬ ಲೆಕ್ಚರರ್ ಹತ್ತಿರ ಹೋಗಿ ನಿಲ್ಲಬೇಕು. ಇಂಟರ್ನಲ್ ಟೆಸ್ಟ್ ದಿನವೇ ರಿಲೇ ಹೀಟ್ಸ್ ಇರುತ್ತದೆ, ಅದು ವಿಧಿ ನಿಯಮ.

ಇನ್ನು ಟ್ರ್ಯಾಕ್ ಹಾಕುವ ಕಥೆ. ನಾನು ಹೊಸದಾಗಿ ಸೇರಿದ ಕಾಲೇಜೊಂದರಲ್ಲಿ, ಒಳ ಅಂಚಿಗೆ ಇಟ್ಟಿಗೆ ಕೂರಿಸಿದ್ದ ಮಣ್ಣಿನ ಟ್ರ್ಯಾಕ್ ಇತ್ತು. ವಾರ್ಷಿಕ ಕ್ರೀಡಾಕೂಟ. ಹಿಂದಿನ ದಿನ ಸುಣ್ಣ ಹಾಕಿ ಎಂಟು ಲೇನ್ ಎಳೆದೆ. 400 ಮೀಟರ್‌ಗೆ ಹೊರಗಿನ ಲೇನ್‌ನವರು ಮುಂದೆ ನಿಲ್ಲಬೇಕಲ್ಲ, ಅದನ್ನು ಸ್ಟ್ಯಾಗರ್ ಅಂತೀವಿ. 1.22 ಮೀಟರ್ ಅಗಲದ ಲೇನ್ ಆದರೆ ಎರಡನೇ ಲೇನ್‌ಗೆ 7.04 ಮೀಟರ್. ಅದು ನನಗೆ ಬಾಯಿಪಾಠ. ಸರಿ, ಪ್ರತಿ ಲೇನ್‌ಗೂ 7.04 ಸೇರಿಸುತ್ತಾ ಹೋದೆ. ಎಂಟನೇ ಲೇನ್ 49.28ಕ್ಕೆ ಬಂತು.

ತಪ್ಪು. ಮೊದಲ ಲೇನನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಉಳಿದ ಲೇನ್‌ಗಳನ್ನು ಒಳಗಿನ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಅದಕ್ಕೇ ಎರಡನೆಯದಕ್ಕೆ ಮಾತ್ರ 7.04. ಅಲ್ಲಿಂದಾಚೆ ಪ್ರತಿಯೊಂದಕ್ಕೂ ಸುಮಾರು 7.66 ಕೂಡಿಸಬೇಕು. ಎಂಟನೇ ಲೇನ್ ಇರಬೇಕಾದ್ದು 53.03ರಲ್ಲಿ. ಅಂದರೆ ಆ ಲೇನ್‌ನ ಹುಡುಗಿ ಮೊದಲ ಎರಡು ಲೇನ್‌ನವರಿಗಿಂತ ಮೂರೂಮುಕ್ಕಾಲು ಮೀಟರ್ ಜಾಸ್ತಿ ಓಡಿದಳು. ಓಡಿ ಎರಡನೇ ಸ್ಥಾನಕ್ಕೆ ಬಂದಳು, ಎರಡು ಹೆಜ್ಜೆ ಅಂತರದಲ್ಲಿ. ಸರಿಯಾಗಿ ಅಳೆದಿದ್ದರೆ ಗೆಲ್ಲುತ್ತಿದ್ದಳೇನೋ. ನನಗೆ ಗೊತ್ತಾಗಿದ್ದು ರಾತ್ರಿ, ಪುಸ್ತಕ ತೆಗೆದು ನೋಡಿದಾಗ. ಮಾರನೇ ದಿನ ಅವಳಿಗೆ ಹೇಳಿದೆ. 'ಪರವಾಗಿಲ್ಲ ಬಿಡಿ ಮಿಸ್' ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಆ ಸಂಖ್ಯೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೇನೆ. 4x100 ರಿಲೇಯಲ್ಲಿ ಬ್ಯಾಟನ್ ಕೊಡುವ ವಲಯ ಈಗ 30 ಮೀಟರ್ ಅಂತಲೂ ಅದರಲ್ಲಿ ಬರೆದಿದೆ. ಇನ್ನೂ ಹಳೆಯ 20 ಮೀಟರನ್ನೇ ಎಳೆಯುವವರು ಇದ್ದಾರೆ.

ಸಂಜೆ ಮತ್ತೆ ನಾಲ್ಕೂವರೆಯಿಂದ ಗ್ರೌಂಡ್. ವಾರಕ್ಕೊಮ್ಮೆ, ಮಳೆ ಇಲ್ಲದಿದ್ದರೆ, ದೇವರಾಯನದುರ್ಗದ ಏರಿನಲ್ಲಿ ಓಡಿಸುತ್ತೇನೆ. ಮಕ್ಕಳು ಬೈಯುತ್ತಲೇ ಓಡುತ್ತಾರೆ, ಮೇಲೆ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಇದಿಷ್ಟು ದಿನಚರಿ. ಆದರೆ ಕಾಲೇಜು ಕೋಚ್‌ಗೆ ನಿಜವಾದ ತಲೆನೋವು ಬೇರೆ, ಆರು ಸೆಮಿಸ್ಟರ್ ಅನ್ನುವ ಗಡಿ. ನಮ್ಮ ಹತ್ತಿರ ಬರುವ ಮಗು ಹದಿನೇಳು ಹದಿನೆಂಟರದ್ದು. ಹಳ್ಳಿ ಶಾಲೆಯಲ್ಲಿ ಬರಿಗಾಲಲ್ಲಿ ಓಡಿ ಗೆದ್ದಿರುತ್ತದೆ. ಸ್ಟಾರ್ಟಿಂಗ್ ಬ್ಲಾಕ್ ನೋಡಿರುವುದಿಲ್ಲ. ಮೊದಲ ವರ್ಷ ಪೂರ್ತಿ ಸುಮ್ನೆ ಸರಿಯಾಗಿ ಓಡುವುದು, ನಿದ್ದೆ ಮಾಡುವುದು, ಹೊಟ್ಟೆ ತುಂಬಾ ತಿನ್ನುವುದು ಇಷ್ಟೇ ಕಲಿಸುತ್ತೇನೆ. ಎರಡನೇ ವರ್ಷ ಟೈಮಿಂಗ್ ಇಳಿಯಲು ಶುರುವಾಗುತ್ತದೆ. ಮೂರನೇ ವರ್ಷ ಯೂನಿವರ್ಸಿಟಿ ಬ್ಲೂ ಆಗುವ, ಅಂದರೆ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗುವ ಹೊತ್ತಿಗೆ ಡಿಗ್ರಿ ಮುಗಿದು ಹೋಗುತ್ತದೆ. ಹುಡುಗ ಫ್ಯಾಕ್ಟರಿಗೆ, ಹುಡುಗಿ ಮದುವೆಗೆ. ಅದಕ್ಕೇ ಕೆಲವು ಕೋಚ್‌ಗಳು ಮೊದಲ ವರ್ಷವೇ ಹಿಂಡಿಬಿಡುತ್ತಾರೆ. ಆ ವರ್ಷ ಒಂದು ಮೆಡಲ್ ಬರುತ್ತದೆ, ಮರುವರ್ಷ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಹಿಡಿದುಕೊಂಡು ಕೂರುತ್ತದೆ ಮಗು. ಬೇಗ ಮೆಡಲ್ ತೋರಿಸಬೇಕು ಅನ್ನುವ ಒತ್ತಡ ನನಗೂ ಬಂದಿದೆ. ತಡೆದುಕೊಳ್ಳುವುದು ಸುಲಭ ಅಲ್ಲ.

ಪ್ರತಿಕ್ರಿಯೆ (ಚಿಕ್ಕಬಳ್ಳಾಪುರ, ದೈಹಿಕ ಶಿಕ್ಷಕರು): ಮೇಡಂ, ಒಂದು ಮಾತು ಒಪ್ಪಲ್ಲ. ಒಳ್ಳೆಯ ಮಗು ಸಿಕ್ಕರೆ ನಾವು ಯಾಕೆ ಇಟ್ಟುಕೊಳ್ಳಬೇಕು? ಮೂಡಬಿದಿರೆಯ ಆಳ್ವಾಸ್‌ನಂಥ ಕಡೆ ಊಟ, ವಸತಿ, ಓದು ಎಲ್ಲಾ ಉಚಿತವಾಗಿ ಕೊಟ್ಟು ಅಥ್ಲೀಟ್‌ಗಳನ್ನು ದತ್ತು ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಕಳಿಸುವುದೇ ಧರ್ಮ ಅಲ್ವಾ? ನಾವು ಹಿಡಿದಿಟ್ಟುಕೊಂಡರೆ ಮಗುವಿಗೇ ನಷ್ಟ.

ಉತ್ತರ: ಸರ್, ನಾನೂ ಪಿಯು ಮುಗಿಸಿದ ಇಬ್ಬರನ್ನು ಆ ಕಡೆ ಕಳಿಸಿದ್ದೇನೆ. ಕಳಿಸುವಾಗ ಹೊಟ್ಟೆ ಉರಿಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಅಲ್ಲಿ ಮಗುವಿನ ಪಕ್ಕ ಓಡುವುದಕ್ಕೆ ಇನ್ನೂ ನಾಲ್ಕು ಜನ ಒಳ್ಳೆಯ ಓಟಗಾರರು ಇರುತ್ತಾರೆ. ನಮ್ಮಲ್ಲಿ ಒಬ್ಬಳೇ ಓಡಬೇಕು. ನೀವು ಹೇಳುವುದು ಅಷ್ಟರ ಮಟ್ಟಿಗೆ ಸರಿ.

ಆದರೆ ಎಲ್ಲರನ್ನೂ ತೆಗೆದುಕೊಳ್ಳುತ್ತಾರಾ? ಆಗಲೇ ಮಿಂಚಿದ ಮಗುವಿಗೆ ಸೀಟು ಸಿಗುತ್ತದೆ. ತಡವಾಗಿ ಅರಳುವ ಮಗು ನಮ್ಮ ಹತ್ತಿರವೇ ಉಳಿಯುತ್ತದೆ. ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ, ಹಸು ಕಟ್ಟಬೇಕು ಅನ್ನುವ ಹುಡುಗಿ ಮೂಡಬಿದಿರೆಗೆ ಹೋಗುವುದಿಲ್ಲ. ಅವಳು ಬೆಳಗ್ಗೆ ಹಾಲು ಹಾಕಿ ಬಸ್ಸು ಹಿಡಿದು ಬರುತ್ತಾಳೆ. ಅವಳಿಗೂ ಒಬ್ಬ ಕೋಚ್ ಬೇಕಲ್ಲ ಸರ್.

ಚಿಕ್ಕಬಳ್ಳಾಪುರದ ಸರ್: ಅದು ಹೌದು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮೇಡಂ: ಬದಲಾಗುವುದು ಬೇಡ ಸರ್, ಮುಂದಿನ ಮೀಟ್‌ನಲ್ಲಿ ಟೀ ಕುಡಿಯುತ್ತಾ ಜಗಳ ಆಡೋಣ.

ಪ್ರಶ್ನೆ (ತುಮಕೂರು): ನನ್ನ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಕಾಲೇಜು ಕೋಚ್ ಅಂದರೆ ದೊಡ್ಡ ಕೆಲಸವಂತೆ?

ಉತ್ತರ: ಹೌದು, ಅಲ್ಲಿ ಅದೇ ಒಂದು ಪೂರ್ತಿ ವೃತ್ತಿ. ಎನ್‌ಸಿಎಎ ಅಂತ ಕಾಲೇಜು ಕ್ರೀಡೆಯ ಸಂಸ್ಥೆ ಇದೆ, ಅದರಲ್ಲಿ ಮೂರು ಡಿವಿಷನ್. ಓದು ಮುಗಿಸಿದ ಅಥ್ಲೀಟ್ ಎಂಎ ಮಾಡುತ್ತಾ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಕೋಚ್ ಕೈಕೆಳಗೆ ಸೇರುತ್ತಾನೆ. ಆಮೇಲೆ ಅಸಿಸ್ಟೆಂಟ್ ಕೋಚ್. ಸ್ಪ್ರಿಂಟ್‌ಗೆ ಒಬ್ಬ, ಎಸೆತಕ್ಕೆ ಒಬ್ಬ, ಜಿಗಿತಕ್ಕೆ ಒಬ್ಬ. ಅದಾದ ಮೇಲೆ ಹೆಡ್ ಕೋಚ್. ಹೈಸ್ಕೂಲ್ ಮಕ್ಕಳ ಹಿಂದೆ ಬಿದ್ದು, ಸ್ಕಾಲರ್‌ಶಿಪ್ ತೋರಿಸಿ ತಮ್ಮ ಕಾಲೇಜಿಗೆ ಕರೆತರುವುದೂ ಅವರದೇ ಕೆಲಸ. ನಾನು ಮೇ ತಿಂಗಳಲ್ಲಿ ಸೀಟು ಹುಡುಕುತ್ತಾ ಅಲೆಯುತ್ತಿದ್ದೆನಲ್ಲ, ಅದರ ದೊಡ್ಡ ರೂಪ ಅಂದುಕೊಳ್ಳಿ. ಮೂರನೇ ಡಿವಿಷನ್‌ನಲ್ಲಿ ಮಾತ್ರ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ.

ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಆ ವ್ಯವಸ್ಥೆಯಲ್ಲೇ ಬೆಳೆದವರು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಡಿಸ್ಕಸ್ ಎಸೆದು, 2014ರ ಕಾಮನ್‌ವೆಲ್ತ್‌ನಲ್ಲಿ ಚಿನ್ನ ತಂದರು. ಇಲ್ಲಿಂದ ನೇರವಾಗಿ ಅಲ್ಲಿಗೆ ಕೋಚ್ ಆಗಿ ಹೋಗುವುದು ಕಷ್ಟ. ಮಗ ಅಥವಾ ಮಗಳು ಚೆನ್ನಾಗಿ ಓಡುತ್ತಾ, ಓದಿನಲ್ಲೂ ಇದ್ದರೆ, ಅಥ್ಲೀಟ್ ಆಗಿಯೇ ಹೋಗಲಿ.

ಪ್ರಶ್ನೆ (ಪಾವಗಡ, ಹೆಸರು ಬೇಡ): ಮಿಸ್, ನನಗೆ ಕೋಚ್ ಆಗಬೇಕು ಅಂತಿದೆ. ಆದರೆ ಓಟ ಕಲಿಯುವುದಕ್ಕೇ ಮನೆಯಲ್ಲಿ ಬಿಡುವುದಿಲ್ಲ. ಶಾರ್ಟ್ಸ್ ಹಾಕಬಾರದು, ಗಂಡು ಮೇಷ್ಟ್ರ ಜೊತೆ ಊರೂರು ಹೋಗಬಾರದು ಅಂತಾರೆ.

ಉತ್ತರ: ನೀನು ಹೇಳಿದ್ದು ಓದಿ ನನ್ನ ಹಳೆಯ ದಿನ ನೆನಪಾಯಿತು ತಾಯಿ. ನಮ್ಮಪ್ಪನೂ ಒಂದು ವರ್ಷ ಮಾತಾಡಿರಲಿಲ್ಲ.

ಶಾರ್ಟ್ಸ್ ವಿಷಯ ದೊಡ್ಡದು ಮಾಡಬೇಡ. ಟ್ರ್ಯಾಕ್ ಪ್ಯಾಂಟ್, ಟೈಟ್ಸ್ ಹಾಕಿ ಓಡು, ಯಾರೂ ಬೇಡ ಅನ್ನುವುದಿಲ್ಲ. ನಿನ್ನ ಕೋಚ್ ಅವರನ್ನೇ ನಿಮ್ಮ ಮನೆಗೆ ಕರೆದುಕೊಂಡು ಹೋಗು. ನಾನು ಹೊಸ ಹುಡುಗಿ ಸೇರಿದ ತಿಂಗಳೊಳಗೆ ಅವರ ಮನೆಗೆ ಹೋಗುತ್ತೇನೆ. ಮುದ್ದೆ ಊಟ ಮಾಡಿ, ದನಕರು ವಿಚಾರಿಸಿ, ಕೊನೆಗೆ ಓಟದ ಮಾತು. ಅರ್ಧ ಗೆಲುವು ಅಲ್ಲೇ.

ಗಂಡು ಮೇಷ್ಟ್ರ ಜೊತೆ ಹೋಗಬಾರದು ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. ಅದನ್ನು ತಳ್ಳಿಹಾಕಬೇಡ. ಇಲ್ಲಿ ಓದುತ್ತಿರುವ ಗಂಡು ಕೋಚ್‌ಗಳಿಗೂ ಹೇಳುತ್ತೇನೆ. ಹುಡುಗಿಯರ ತಂಡ ಹೊರಗೆ ಹೋಗುವಾಗ ಜೊತೆಗೊಬ್ಬ ಮಹಿಳಾ ಸಿಬ್ಬಂದಿ ಇರಲೇಬೇಕು. ಒಬ್ಬಳೇ ಹುಡುಗಿಯನ್ನು ರೂಮಿಗೆ ಕರೆಯುವುದು, ರಾತ್ರಿ ಮೆಸೇಜ್ ಮಾಡುವುದು ಬೇಡ. ಮಸಾಜ್ ಅಂತೂ ಬೇಡವೇ ಬೇಡ, ಅದಕ್ಕೆ ಫಿಸಿಯೋ ಇದ್ದಾರೆ. ಏನೇ ಹೇಳುವುದಿದ್ದರೂ ಪೋಷಕರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಹೇಳಿ. ಮೊದಲ ವರ್ಷದ ಡಿಗ್ರಿಯಲ್ಲಿ 18 ತುಂಬದ ಮಕ್ಕಳೂ ಇರುತ್ತಾರೆ, ಅವರಿಗೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಕಾಯ್ದೆ ಅನ್ವಯಿಸುತ್ತದೆ. ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು ಅನ್ನುವುದು 2013ರ ಕಾನೂನು. ತಾಯಿ, ನಿನ್ನ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಇವತ್ತೇ ನೋಡಿಟ್ಟುಕೋ.

ಕೋಚ್ ಆದ ಮೇಲೆ ಹುಡುಗಿಯರ ವಿಷಯದಲ್ಲಿ ನೀನು ನೋಡಬೇಕಾದ ಇನ್ನೊಂದು ಇದೆ, ರಕ್ತ. 'ಸುಸ್ತು ಮಿಸ್' ಅಂದರೆ ಸೋಮಾರಿತನ ಅಂದುಕೊಂಡು ಒಬ್ಬಳನ್ನು ಎರಡು ತಿಂಗಳು ಬೈದೆ. ಆಮೇಲೆ ಹಿಮೋಗ್ಲೋಬಿನ್ ನೋಡಿಸಿದರೆ 8 ಇತ್ತು. ಹೆಂಗಸರಿಗೆ 12 ಇರಬೇಕು. ಈಗ ಸೆಮಿಸ್ಟರ್ ಶುರುವಿಗೇ ಎಲ್ಲರಿಗೂ ರಕ್ತ ಪರೀಕ್ಷೆ. ತಿಂಗಳ ದಿನಗಳ ಲೆಕ್ಕ ಅವರೇ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ತೂಕ ಇಳಿದು ಮುಟ್ಟು ನಿಂತರೆ ಡಾಕ್ಟರ್ ಹತ್ತಿರ ಕಳಿಸುತ್ತೇನೆ, ತರಬೇತಿ ಕಡಿಮೆ ಮಾಡುತ್ತೇನೆ. ಊಟಕ್ಕೆ ದುಬಾರಿ ಏನೂ ಬೇಡ. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ನಿಮ್ಮ ಪಾವಗಡದ ಕಡಲೆಕಾಯಿ, ಬೆಲ್ಲ. ಊಟದ ಜೊತೆಗೆ ಟೀ ಮಾತ್ರ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಪ್ರಶ್ನೆ (ಕುಣಿಗಲ್): ಜಿಮ್‌ನಲ್ಲಿ ಕೊಡುವ ಪೌಡರ್, ಇಂಜೆಕ್ಷನ್ ಬಗ್ಗೆ?

ಉತ್ತರ: ಬೇಡ. ಮೈಯಲ್ಲಿ ಏನು ಸಿಕ್ಕಿದರೂ ಅಥ್ಲೀಟೇ ಹೊಣೆ, 'ಗೊತ್ತಿರಲಿಲ್ಲ' ಅಂದರೆ ನಡೆಯುವುದಿಲ್ಲ. ಬೇಕಂತಲೇ ಸ್ಟೆರಾಯ್ಡ್ ತೆಗೆದುಕೊಂಡರೆ ನಾಲ್ಕು ವರ್ಷ ನಿಷೇಧ. ಅಲ್ಲಿಗೆ ಕಾಲೇಜು ಜೀವನ ಮುಗಿಯಿತು. ಕೊಟ್ಟ ಕೋಚ್‌ಗೂ ಶಿಕ್ಷೆ ಇದೆ. ಕೆಮ್ಮಿನ ಸಿರಪ್ ಕುಡಿಯುವ ಮೊದಲೂ ನಾಡಾದವರ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ನೋಡಿಕೊಳ್ಳಿ.

ಪ್ರಶ್ನೆ (ಕೋಲಾರ): ನನಗೆ 38. ಫ್ಯಾಕ್ಟರಿಯಲ್ಲಿ ಕೆಲಸ. ಹತ್ತು ವರ್ಷದಿಂದ ಓಡುತ್ತಿದ್ದೇನೆ. ತಡ ಆಯ್ತಾ?

ಉತ್ತರ: ಪಿಡಿ ಹುದ್ದೆಗೆ, ಹೌದು, ತಡ ಆಯಿತು. ಈಗ ಬಿಪಿಎಡ್ ಶುರು ಮಾಡಿ ಅನ್ನಲಾರೆ. ಕೋಚಿಂಗ್‌ಗೆ ಆಗಿಲ್ಲ. ನಾನು ಮಾಡಿದ ಆ ಆರು ವಾರದ ಕೋರ್ಸ್ ಇದೆ, ಅಥ್ಲೆಟಿಕ್ಸ್ ಫೆಡರೇಶನ್ ನಡೆಸುವ ಕೋಚಿಂಗ್ ಕೋರ್ಸ್‌ಗಳಿವೆ. ಅಲ್ಲಿಯ ತನಕ ಜಿಲ್ಲಾ ಮೀಟ್‌ಗಳಲ್ಲಿ ಅಧಿಕಾರಿಯಾಗಿ ನಿಲ್ಲಿ. ಟೇಪ್ ಹಿಡಿಯುವವರು, ಲ್ಯಾಪ್ ಎಣಿಸುವವರು ಯಾವಾಗಲೂ ಕಡಿಮೆ. ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಬೆಳಗ್ಗೆ ಹೋಗಿ ನಿಂತರೆ ಸಾಕು, ಯಾರಾದರೂ ಒಬ್ಬರು ಕೈಗೆ ವಾಚ್ ಕೊಡುತ್ತಾರೆ. ಆದರೆ ನಿಮ್ಮ ಮ್ಯಾರಥಾನ್ ಅಭ್ಯಾಸವನ್ನು ಹದಿನಾರರ ಮಕ್ಕಳ ಮೇಲೆ ಹೇರಬೇಡಿ. ದೂರದ ಓಟ ಇಷ್ಟಪಡುವವರು ಮಾಡುವ ಮೊದಲ ತಪ್ಪು ಅದು.

ಪ್ರಶ್ನೆ (ಶಿರಾ, ಮೊದಲು ಕೇಳಿದವನು): ಎಲ್ಲಾ ಓದಿದೆ ಮೇಡಂ. ಬಿಪಿಎಡ್ ಅರ್ಜಿ ಹಾಕುತ್ತೇನೆ. ಅಷ್ಟರವರೆಗೆ ನಿಮ್ಮ ಗ್ರೌಂಡಿಗೆ ಬಂದು ನೋಡಬಹುದಾ?

ಉತ್ತರ: ನೋಡುವುದಕ್ಕಾದರೆ ಬೇಡ, ಕೆಲಸ ಮಾಡುವುದಕ್ಕಾದರೆ ಬಾ. ದಿನಾ ಶಿರಾದಿಂದ ಬೆಳಗ್ಗೆ ಆಗುವುದಿಲ್ಲ. ಭಾನುವಾರ ಏಳೂವರೆಗೆ ಕಾಲೇಜಿನ ಮೈದಾನಕ್ಕೆ ಬಾ, ಜಾಗ ಅಡ್ಮಿನ್ ಹತ್ತಿರ ಕೇಳು. ಕ್ರೀಡಾಕೂಟಕ್ಕೆ ಲೇನ್ ಹಾಕುವುದಿದೆ. ಹಳೆಯ ಬಟ್ಟೆ ಹಾಕಿಕೊಂಡು ಬಾ, ಸುಣ್ಣ ಆಗುತ್ತದೆ. ರಟ್ಟು ನಾನು ತರುತ್ತೇನೆ. ಎಂಟನೇ ಲೇನ್ ನೀನು ಅಳೆ, ನಾನು ಇನ್ನೊಂದು ಸಲ ಅಳೆಯುತ್ತೇನೆ.